ಗ್ರಂಥಾಲಯ ವೃತ್ತಿಗೆ ತರಬೇತಿ ಹಾಗೂ ಸ್ಥಾನಮಾನ ದೊರಕಿಸಿದ ಡಾ. ಎಸ್.ಆರ್. ರಂಗನಾಥನ್

ಗ್ರಂಥಾಲಯ ವಿಜ್ಞಾನದ ತರಬೇತಿಗೆ ಹಾಗೂ ಗ್ರಂಥಾಲಯ ಹುದ್ದೆಗಳಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳಲ್ಲಿ ಅನೇಕರು ಈ ವೃತ್ತಿಗೆ ಪ್ರತ್ಯೇಕ ಶಿಕ್ಷಣವೇಕೆ ಎಂಬ ಪ್ರಶ್ನೆಯನ್ನು ಎತ್ತುವುದುಂಟು. ಪುಸ್ತಕಗಳನ್ನು ಜೋಡಿಸಿಡುವುದು, ಕೇಳಿದವರಿಗೆ ತೆಗೆದುಕೊಡುವುದು, ವಹಿಯಲ್ಲಿ ನಮೂದಿಸುವುದು, ಇಷ್ಟೇ ಕೆಲಸವೆಂಬ ಭಾವನೆ ಇಂದಿಗೂ ಪೂರ್ಣವಾಗಿ ಹೋಗಿಲ್ಲ. ಈ ಭಾವನೆಯನ್ನು ತೊಡೆದುಹಾಕಲು ತಮ್ಮ ಜೀವಿತದ 48 ವರ್ಷಗಳನ್ನು ವ್ಯಯಿಸಿ, ಕೊನೆಯ ಹದಿನೈದು ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದ ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜೀವನ ವೃತ್ತಾಂತವನ್ನು ಸಾರ್ವಜನಿಕರ ಹಾಗೂ ಅಭ್ಯರ್ಥಿಗಳ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಿಗೆ ಗ್ರಂಥವೂ ಗ್ರಂಥಸಂಗ್ರಹವೂ ಹೊಸ ವಿಷಯಗಳಲ್ಲ. ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ಹಾಗೂ ಕವಲೇದುರ್ಗವನ್ನು ತಮ್ಮ ಭದ್ರವಾದ ಗಿರಿದುರ್ಗವನ್ನಾಗಿ ಮಾಡಿಕೊಂಡಿದ್ದ ನಾಯಕ ಅರಸರ ಪೈಕಿ ಬಸವಪ್ಪ ನಾಯಕನು ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಅಂದು ತಿಳಿದಿದ್ದ ವಿದ್ಯೆಗಳನ್ನೆಲ್ಲ ಒಂದು ಕ್ರಮದಲ್ಲಿ ವಿಂಗಡಿಸಿ, ಕಲ್ಲೋಲಗಳೆಂದೂ ತರಂಗಗಳೆಂದೂ ವಿಭಾಗಿಸಿ ಇಟ್ಟಿರುವ ಗ್ರಂಥವದು. ಆದರೆ ಅರಮನೆ ಹಾಗೂ ಮಠಗಳಲ್ಲಿದ್ದ ತಾಡೋಲೆಗಳು ಪಂಡಿತರ ಕೈಗೆ ಮಾತ್ರ ಎಟುಕುತ್ತಿದ್ದವು. ಕೋಟೆಯ ತಪ್ಪಲಿನ ಒಕ್ಕಲು ಮನೆಯ ಹುಡುಗನಿಗೂ ಪುಸ್ತಕವು ಹಕ್ಕಾಗಿ ದೊರೆಯಬೇಕೆಂಬ ವಿಚಾರವು ಶಾಸನದ ರೂಪವನ್ನು ಪಡೆದದ್ದು 1965ರಲ್ಲಿ. ಆ ಶಾಸನದ ಹಿಂದೆ ಇದ್ದವರು ರಂಗನಾಥನ್ ಅವರು.

ಜನನ ಹಾಗೂ ವಿದ್ಯಾಭ್ಯಾಸ

ರಂಗನಾಥನ್ ಅವರು ಅಂದಿನ ಮದರಾಸು ಪ್ರಾಂತ್ಯದ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ 1892ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ಜನಿಸಿದರು. ದಾಖಲೆಗಳಲ್ಲಿ ಅವರ ಜನ್ಮದಿನವು 9ನೇ ತಾರೀಖು ಎಂದಿದೆ. ಆಚರಣೆಯಲ್ಲಿರುವುದು 12ನೇ ತಾರೀಖು. ರಾಷ್ಟ್ರೀಯ ಗ್ರಂಥಪಾಲಕರ ದಿನವನ್ನು ಪ್ರತಿವರ್ಷ ಆಗಸ್ಟ್ 12ರಂದೇ ಆಚರಿಸಲಾಗುತ್ತಿದೆ. ಜನ್ಮದಿನಾಂಕದ ವ್ಯತ್ಯಾಸವು ಕೇವಲ ನಮ್ಮ ಅರ್ಜಿದಾರರ ಸಮಸ್ಯೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ತಂದೆ ರಾಮಾಮೃತ ಅಯ್ಯರ್ ಅವರು ರಂಗನಾಥನ್ ಆರು ವರ್ಷದ ಬಾಲಕನಾಗಿದ್ದಾಗಲೇ ತೀರಿಕೊಂಡರು. ಬಾಲ್ಯದಲ್ಲಿ ಉಗ್ಗಿನ ತೊಂದರೆಯೂ ಇದ್ದಿತು. ಶಿಯಾಳಿಯ ಹಿಂದೂ ಪ್ರೌಢಶಾಲೆಯಲ್ಲಿ ಓದಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿ, 1913ರಲ್ಲಿ ಬಿ.ಎ. ಪದವಿಯನ್ನೂ 1916ರಲ್ಲಿ ಗಣಿತಶಾಸ್ತ್ರದಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅನಂತರ ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಅಧ್ಯಾಪಕ ತರಬೇತಿಯನ್ನು ಮುಗಿಸಿದರು. 1917ರಲ್ಲಿ ಅವರಿಗೆ ಮೊದಲ ನೇಮಕಾತಿ ದೊರೆತದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಹೀಗೆ ಅವರ ಸೇವೆಯು ಇಂದಿನ ಕರ್ನಾಟಕದ ನೆಲದಲ್ಲಿಯೇ ಪ್ರಾರಂಭವಾಯಿತೆಂಬುದು ಗಮನಾರ್ಹ. ಮಂಗಳೂರಿನ ನಂತರ ಕೊಯಮತ್ತೂರಿನಲ್ಲಿಯೂ ತದನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಗಣಿತದ ಅಧ್ಯಾಪಕರಾಗಿ ಸೇವೆ ಸಲ್ಲಿಸಿದರು.

ತರಬೇತಿಯಿಲ್ಲದ ಗ್ರಂಥಪಾಲಕ

1923ರ ಸುಮಾರಿಗೆ ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲಕರ ಹುದ್ದೆಯನ್ನು ಸೃಷ್ಟಿಸಿ ಅರ್ಜಿಗಳನ್ನು ಆಹ್ವಾನಿಸಿತು. ಸುಮಾರು 900 ಅರ್ಜಿಗಳು ಬಂದವು. ಅವರಲ್ಲಿ ಗ್ರಂಥಾಲಯ ತರಬೇತಿಯನ್ನು ಪಡೆದವರು ಒಬ್ಬರೂ ಇರಲಿಲ್ಲ. ರಂಗನಾಥನ್ ಅವರೂ ಇದಕ್ಕೆ ಹೊರತಾಗಿರಲಿಲ್ಲ. ಸ್ನೇಹಿತರ ಒತ್ತಾಯದ ಮೇರೆಗೆ ಅರ್ಜಿ ಹಾಕಿದ್ದ ಅವರು, ಸಂದರ್ಶನಕ್ಕೆ ಮುನ್ನ ವಿಶ್ವಕೋಶವೊಂದರಲ್ಲಿ ಗ್ರಂಥಾಲಯಗಳ ಕುರಿತ ಲೇಖನವನ್ನು ಓದಿಕೊಂಡು ಹೋಗಿದ್ದರು. ಅಷ್ಟೇ ಅವರ ಸಿದ್ಧತೆ. ಆದರೂ ಆಯ್ಕೆಯಾಗಿ 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು.

ತರಗತಿಯ ಗದ್ದಲಕ್ಕೆ ಒಗ್ಗಿಹೋಗಿದ್ದ ಅಧ್ಯಾಪಕರಿಗೆ ಗ್ರಂಥಾಲಯದ ಏಕಾಂತವು ಸಹನೆಯಾಗಲಿಲ್ಲ. ಓದುಗರು ಬರುತ್ತಿರಲಿಲ್ಲ, ಮಾಡಲು ಕೆಲಸವಿರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರಲ್ಲಿಗೆ ಹೋಗಿ ತಮ್ಮನ್ನು ಮರಳಿ ಅಧ್ಯಾಪಕ ವೃತ್ತಿಗೆ ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡರು. ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬಂದ ನಂತರವೂ ಮನಸ್ಸು ಬದಲಾಗದಿದ್ದಲ್ಲಿ ಮರಳಿ ಬರಬಹುದೆಂಬ ಆಶ್ವಾಸನೆ ದೊರೆಯಿತು. ಆ ಆಶ್ವಾಸನೆಯನ್ನು ಬಳಸಿಕೊಳ್ಳುವ ಸಂದರ್ಭವೇ ಮುಂದೆ ಬರಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲಕರ ಶಾಲೆಯಲ್ಲಿ ಅವರಿಗೆ ಡಬ್ಲ್ಯು.ಸಿ. ಬರ್ವಿಕ್ ಸೇಯರ್ಸ್ ಎಂಬ ಗುರುಗಳು ದೊರೆತರು. ತರಗತಿಯ ಪಾಠಕ್ಕಿಂತ ಹೆಚ್ಚಾಗಿ ರಂಗನಾಥನ್ ಅವರು ಕಲಿತದ್ದು ಊರೂರು ಸುತ್ತಿ ಗ್ರಂಥಾಲಯಗಳನ್ನು ನೋಡಿ. ನೂರಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಅವರು ಭೇಟಿ ನೀಡಿದರು. ಅಲ್ಲಿ ಕಾರ್ಮಿಕರು, ಗೃಹಿಣಿಯರು, ಮಕ್ಕಳು ಯಾವ ಸಂಕೋಚವೂ ಇಲ್ಲದೆ ಬಂದು ಪುಸ್ತಕ ಪಡೆಯುತ್ತಿದ್ದರು. ಗ್ರಂಥಾಲಯವು ವಿದ್ವಾಂಸರ ಸ್ವತ್ತಲ್ಲ, ಅದೊಂದು ಸಾರ್ವಜನಿಕ ಸೇವೆ ಎಂಬ ನಂಬಿಕೆಯು ಅವರಲ್ಲಿ ಬೇರೂರಿದ್ದು ಅಲ್ಲಿಯೇ. 1925ರಲ್ಲಿ ಹಿಂದಿರುಗಿದರು.

ಮದರಾಸಿನ ಎರಡು ದಶಕಗಳು

ಮದರಾಸಿಗೆ ಮರಳಿದ ರಂಗನಾಥನ್ ಅವರು ಗ್ರಂಥಾಲಯದ ಬೀಗಗಳನ್ನು ತೆಗೆಸಿದರು. ಓದುಗರು ಸ್ವತಃ ಕಪಾಟುಗಳ ಬಳಿಗೆ ಹೋಗಿ ಪುಸ್ತಕವನ್ನು ಆರಿಸಿಕೊಳ್ಳುವ ಮುಕ್ತ ಪ್ರವೇಶ ಪದ್ಧತಿಯನ್ನು ಜಾರಿಗೆ ತಂದರು. ಕೆಲಸದ ವೇಳೆಯನ್ನು ವಿಸ್ತರಿಸಿದರು. ಓದುಗರ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡಲು ಪ್ರತ್ಯೇಕ ಸಿಬ್ಬಂದಿಯನ್ನು ನಿಯೋಜಿಸಿದರು. 1936ರಲ್ಲಿ ಗ್ರಂಥಾಲಯವು ಸಮುದ್ರತೀರದ ಸ್ವಂತ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಇಪ್ಪತ್ತು ವರ್ಷಗಳ ಕಾಲ ರಜೆಯನ್ನೇ ಬಳಸದೆ ಅವರು ದುಡಿದರೆಂದು ಹೇಳಲಾಗುತ್ತದೆ. 1928ರಲ್ಲಿ ಪತ್ನಿ ರುಕ್ಮಿಣಿ ಅವರು ಅಪಘಾತದಲ್ಲಿ ನಿಧನರಾದರು. ಮರುವರ್ಷ ಶಾರದಾ ಅವರನ್ನು ವಿವಾಹವಾದರು.

1928ರಲ್ಲಿಯೇ ಗ್ರಂಥಾಲಯ ಕಾರ್ಯವೆಲ್ಲವನ್ನೂ ಐದು ಮೂಲಸೂತ್ರಗಳಿಗೆ ಇಳಿಸಿ ನಿರೂಪಿಸಿದರು. ಇವು 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ತರಬೇತಿ ಪರೀಕ್ಷೆಗಳಲ್ಲಿ ಈ ಐದು ಸೂತ್ರಗಳ ಮೇಲೆ ಪ್ರಶ್ನೆ ಬಾರದ ವರ್ಷವಿಲ್ಲವೆನ್ನಬಹುದು. ಆದ್ದರಿಂದ ಅವುಗಳ ತಾತ್ಪರ್ಯವನ್ನು ಅಭ್ಯರ್ಥಿಗಳು ಬಾಯಿಪಾಠ ಮಾಡುವುದಕ್ಕಿಂತ ಅರ್ಥ ಮಾಡಿಕೊಳ್ಳುವುದು ಲೇಸು. ಪುಸ್ತಕವನ್ನು ಬೀಗ ಹಾಕಿ ಕಾಯುವುದು ಗ್ರಂಥಾಲಯದ ಉದ್ದೇಶವಲ್ಲ, ಬಳಕೆಯೇ ಅದರ ಉದ್ದೇಶ. ಓದುವ ಹಕ್ಕು ಜಾತಿ, ಲಿಂಗ, ಊರು ಯಾವುದನ್ನೂ ನೋಡುವುದಿಲ್ಲ. ಕೊಂಡುತಂದ ಪ್ರತಿಯೊಂದು ಪುಸ್ತಕಕ್ಕೂ ಅದನ್ನು ಬಯಸುವ ಓದುಗನನ್ನು ಹುಡುಕುವ ಹೊಣೆ ಸಿಬ್ಬಂದಿಯದು. ಓದುಗನ ಸಮಯವನ್ನೂ ಸಿಬ್ಬಂದಿಯ ಸಮಯವನ್ನೂ ವ್ಯರ್ಥಗೊಳಿಸಬಾರದು. ಗ್ರಂಥಾಲಯವು ನಿಂತ ನೀರಲ್ಲ, ವರ್ಷದಿಂದ ವರ್ಷಕ್ಕೆ ಬೆಳೆಯುವ ಜೀವಿ. ಕಟ್ಟಡ, ಕಪಾಟು, ಸಿಬ್ಬಂದಿ ಎಲ್ಲವನ್ನೂ ಆ ಬೆಳವಣಿಗೆಯನ್ನು ಗಮನದಲ್ಲಿಟ್ಟುಕೊಂಡೇ ಯೋಜಿಸಬೇಕು. ಇವುಗಳಲ್ಲಿ ಎರಡನೆಯದು ಮಲೆನಾಡಿನಂತಹ ಪ್ರದೇಶಕ್ಕೆ ಅತ್ಯಂತ ಕಠಿಣವಾದದ್ದು. ಕವಲೇದುರ್ಗದ ಸುತ್ತಮುತ್ತ ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ. ಮಳೆಗಾಲದಲ್ಲಿ ಹಳ್ಳ ದಾಟುವುದೇ ಕಷ್ಟ. ಇಂತಹ ಕಡೆ ಓದುಗನನ್ನು ಗ್ರಂಥಾಲಯಕ್ಕೆ ಕರೆಯುವುದಕ್ಕಿಂತ ಗ್ರಂಥಾಲಯವೇ ಓದುಗನ ಬಳಿಗೆ ಹೋಗಬೇಕಾಗುತ್ತದೆ. ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಯ ಮೇಲೆ ಸಂಚಾರಿ ಗ್ರಂಥಾಲಯವು ಪ್ರಾರಂಭವಾಯಿತು. ರಂಗನಾಥನ್ ಅವರ ಮದರಾಸು ಗ್ರಂಥಾಲಯ ಸಂಘದ ಚಳುವಳಿಯ ಕಾಲದ ಈ ಪ್ರಯೋಗವು ಇದೇ ವಿಚಾರದ ಫಲ.

1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ ಪದ್ಧತಿಯು ಅವರಿಗೆ ಅಂತರರಾಷ್ಟ್ರೀಯ ಖ್ಯಾತಿಯನ್ನು ತಂದಿತು. ಲಂಡನ್ನಿನ ಅಂಗಡಿಯೊಂದರಲ್ಲಿ ಬಿಡಿಬಿಡಿ ಪಟ್ಟಿ, ತಿರುಪುಗಳನ್ನು ಜೋಡಿಸಿ ಬೇರೆಬೇರೆ ಆಟಿಕೆಗಳನ್ನು ರಚಿಸುವುದನ್ನು ಕಂಡಾಗ ಅವರಿಗೆ ಈ ಪದ್ಧತಿಯ ಹೊಳಹು ದೊರೆಯಿತು. ಅದುವರೆಗಿನ ಪದ್ಧತಿಗಳು ಪ್ರತಿಯೊಂದು ವಿಷಯಕ್ಕೂ ಮೊದಲೇ ಸಿದ್ಧಪಡಿಸಿದ ಸಂಖ್ಯೆಯನ್ನು ಕೊಡುತ್ತಿದ್ದವು. ರಂಗನಾಥನ್ ಅವರು ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ, ಅಗತ್ಯವಿದ್ದಂತೆ ಜೋಡಿಸಿಕೊಳ್ಳುವ ವ್ಯವಸ್ಥೆಯನ್ನು ರೂಪಿಸಿದರು. ತೀರ್ಥಹಳ್ಳಿಯ ತೋಟಗಾರರಿಗೆ ಪರಿಚಿತವಾದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಶಿವಮೊಗ್ಗ ಜಿಲ್ಲೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯ ಕುರಿತು ಒಂದು ಪುಸ್ತಕವಿದೆಯೆಂದು ಭಾವಿಸೋಣ. ಮುಖ್ಯ ವಿಷಯ ಕೃಷಿ, ಅದರಲ್ಲಿ ಬೆಳೆ ಅಡಿಕೆ, ತೊಂದರೆ ರೋಗ, ಕ್ರಿಯೆ ರೋಗ ನಿಯಂತ್ರಣ, ಸ್ಥಳ ಶಿವಮೊಗ್ಗ, ಕಾಲ ಪುಸ್ತಕವು ವಿವರಿಸುವ ಅವಧಿ. ಒಂದೊಂದು ಮುಖಕ್ಕೂ ಒಂದೊಂದು ಸಂಕೇತವನ್ನಿತ್ತು, ನಡುವೆ ವಿರಾಮ ಚಿಹ್ನೆಗಳನ್ನಿಟ್ಟು ಜೋಡಿಸಿದರೆ ಆ ಪುಸ್ತಕದ ಸ್ಥಾನವು ಕಪಾಟಿನಲ್ಲಿ ನಿಶ್ಚಿತವಾಗುತ್ತದೆ. ನಾಳೆ ಹೊಸ ಬೆಳೆ ಬಂದರೂ ಹೊಸ ರೋಗ ಬಂದರೂ ಪದ್ಧತಿಯನ್ನು ಒಡೆಯಬೇಕಾಗಿಲ್ಲ. ಗಣಕಯಂತ್ರದ ಮೂಲಕ ಮಾಹಿತಿ ಹುಡುಕುವ ಇಂದಿನ ಕ್ರಮಗಳಲ್ಲಿಯೂ ಈ ಬಹುಮುಖ ವಿಶ್ಲೇಷಣೆಯೇ ಬಳಕೆಯಾಗುತ್ತಿದೆ. 1934ರಲ್ಲಿ ಸೂಚೀಕರಣ ಸಂಹಿತೆಯನ್ನೂ 1937ರಲ್ಲಿ ವರ್ಗೀಕರಣ ಸಿದ್ಧಾಂತದ ಮಹಾಗ್ರಂಥವನ್ನೂ ಹೊರತಂದರು.

ತರಬೇತಿ ಶಾಲೆ ಹಾಗೂ ವೇತನದ ಪ್ರಶ್ನೆ

ಭಾರತದಲ್ಲಿ ಗ್ರಂಥಾಲಯ ತರಬೇತಿಯು 1911ರಲ್ಲಿ ಬರೋಡಾ ಸಂಸ್ಥಾನದಲ್ಲಿಯೂ 1915ರಲ್ಲಿ ಲಾಹೋರಿನಲ್ಲಿಯೂ ಅಮೆರಿಕದಿಂದ ಬಂದ ತಜ್ಞರ ಮೂಲಕ ಆರಂಭವಾಗಿದ್ದಿತು. ದಕ್ಷಿಣದಲ್ಲಿ ಆ ಕೊರತೆಯನ್ನು ತುಂಬಿದವರು ರಂಗನಾಥನ್. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವನ್ನು ಸ್ಥಾಪಿಸಿ, ಮರುವರ್ಷವೇ ಸಂಘದ ಆಶ್ರಯದಲ್ಲಿ ಬೇಸಿಗೆ ತರಬೇತಿ ಶಾಲೆಯನ್ನು ತೆರೆದರು. 1931ರಲ್ಲಿ ವಿಶ್ವವಿದ್ಯಾನಿಲಯವು ಅದನ್ನು ವಹಿಸಿಕೊಂಡಿತು. 1937ರಲ್ಲಿ ಅದು ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಆಯಿತು.

ತರಬೇತಿ ನೀಡಿದರೆ ಸಾಲದು, ತರಬೇತಿ ಪಡೆದವರಿಗೆ ತಕ್ಕ ವೇತನವೂ ದೊರೆಯಬೇಕೆಂಬುದು ಅವರ ನಿಲುವು. ಗ್ರಂಥಪಾಲಕರನ್ನು ಗುಮಾಸ್ತರ ಸಾಲಿನಲ್ಲಿ ಇಟ್ಟಲ್ಲಿ ಪ್ರತಿಭಾವಂತರು ಈ ವೃತ್ತಿಗೆ ಬರುವುದಿಲ್ಲವೆಂದು ಅವರು ಪದೇಪದೇ ವಾದಿಸಿದರು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1957ರಲ್ಲಿ ರಚಿಸಿದ ಗ್ರಂಥಾಲಯ ಸಮಿತಿಗೆ ಅವರೇ ಅಧ್ಯಕ್ಷರಾದರು. ವಿಶ್ವವಿದ್ಯಾನಿಲಯ ಮತ್ತು ಕಾಲೇಜುಗಳ ಗ್ರಂಥಪಾಲಕರಿಗೆ ಅಧ್ಯಾಪಕರಿಗೆ ಸಮನಾದ ವೇತನ ಶ್ರೇಣಿಯನ್ನು ನೀಡಬೇಕೆಂದು ಆ ಸಮಿತಿಯು ಶಿಫಾರಸು ಮಾಡಿತು. ಇಂದು ಕಾಲೇಜು ಗ್ರಂಥಪಾಲಕರ ಹುದ್ದೆಗೆ ಸ್ಪರ್ಧೆಯಿರುವುದಕ್ಕೂ ಅದರ ವೇತನವು ಅಧ್ಯಾಪಕರ ವೇತನದೊಂದಿಗೆ ಸಮವಾಗಿರುವುದಕ್ಕೂ ಮೂಲವು ಇಲ್ಲಿದೆ. ಅವರ ಗ್ರಂಥಗಳ ಸಂಖ್ಯೆಯನ್ನು ಎಣಿಸುವವರು ಈ ಶಿಫಾರಸನ್ನು ಮರೆಯುವುದುಂಟು. ವೃತ್ತಿಯಲ್ಲಿರುವವರ ಜೀವನವನ್ನು ಹೆಚ್ಚು ಬದಲಿಸಿದ್ದು ಬಹುಶಃ ಇದೇ.

1945ರಲ್ಲಿ ಮದರಾಸಿನ ಸೇವೆಯಿಂದ ಹೊರಬಂದ ನಂತರ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷವಿದ್ದು, ಅಲ್ಲಿನ ಒಂದು ಲಕ್ಷದಷ್ಟು ಗ್ರಂಥಗಳ ವರ್ಗೀಕರಣವನ್ನು ಸ್ವತಃ ಕೈಗೊಂಡರು. 1947ರಿಂದ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನದ ಉನ್ನತ ಪದವಿ ಹಾಗೂ ಸಂಶೋಧನೆಗೆ ಅವಕಾಶ ಕಲ್ಪಿಸಿದರು. 1955ರಿಂದ 1957ರವರೆಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದರು. ತಮ್ಮ ಉಳಿತಾಯದಿಂದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ನೀಡಿ, ಪತ್ನಿಯ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠದ ಸ್ಥಾಪನೆಗೆ ಕಾರಣರಾದರು. ಅಂದಿನ ದಿನಗಳಲ್ಲಿ ಒಬ್ಬ ನಿವೃತ್ತ ನೌಕರನಿಗೆ ಒಂದು ಲಕ್ಷವೆಂದರೆ ಎಷ್ಟು ದೊಡ್ಡ ಮೊತ್ತವೆಂಬುದನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರು ಹಾಗೂ 1965ರ ಅಧಿನಿಯಮ

1957ರಲ್ಲಿ ರಂಗನಾಥನ್ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಅದೇ ವರ್ಷ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನಾ ಮತ್ತು ತರಬೇತಿ ಕೇಂದ್ರವು ಬೆಂಗಳೂರಿನಲ್ಲಿ ಪ್ರಾರಂಭವಾಯಿತು. ಮೊದಲಿಗೆ ಅದು ಮಲ್ಲೇಶ್ವರದಲ್ಲಿ ಕಾರ್ಯ ನಿರ್ವಹಿಸುತ್ತಿದ್ದಿತು. ಎ. ನೀಲಮೇಘನ್, ಜಿ. ಭಟ್ಟಾಚಾರ್ಯ, ಎಂ.ಎ. ಗೋಪಿನಾಥ್ ಮೊದಲಾದವರು ಅಲ್ಲಿ ಅವರೊಂದಿಗೆ ದುಡಿದರು. ಕೈಗಾರಿಕೆ ಹಾಗೂ ಸಂಶೋಧನಾ ಸಂಸ್ಥೆಗಳಿಗೆ ಅಗತ್ಯವಾದ ಮಾಹಿತಿ ತಜ್ಞರನ್ನು ತಯಾರು ಮಾಡುವುದು ಈ ಕೇಂದ್ರದ ಉದ್ದೇಶವಾಗಿದ್ದಿತು. 1965ರಲ್ಲಿ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಲಾಯಿತು.

ರಂಗನಾಥನ್ ಅವರು 1930ರಲ್ಲಿ ಬನಾರಸಿನ ಶಿಕ್ಷಣ ಸಮ್ಮೇಳನದಲ್ಲಿಯೇ ಮಾದರಿ ಗ್ರಂಥಾಲಯ ಮಸೂದೆಯನ್ನು ಮಂಡಿಸಿದ್ದರು. ಮದರಾಸಿನಲ್ಲಿ ಅದು ಶಾಸನವಾಗಲು 1948ರವರೆಗೆ ಕಾಯಬೇಕಾಯಿತು. ಕಡ್ಡಾಯ ಕರವನ್ನು ವಿಧಿಸುವ ಪ್ರಸ್ತಾವನೆಯೇ ಪ್ರತಿ ಬಾರಿಯೂ ಅಡ್ಡಿಯಾಗುತ್ತಿದ್ದಿತು. ಆದರೆ ನಿಶ್ಚಿತ ಆದಾಯವಿಲ್ಲದ ಗ್ರಂಥಾಲಯವು ದಾನಿಯ ಉತ್ಸಾಹವಿರುವಷ್ಟು ದಿನ ನಡೆದು ಮುಚ್ಚಿಹೋಗುತ್ತದೆಂಬುದನ್ನು ಅವರು ಕಂಡಿದ್ದರಿಂದ ಈ ಅಂಶವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಮೈಸೂರು ರಾಜ್ಯಕ್ಕಾಗಿಯೂ ಅವರು ಕರಡನ್ನು ಸಿದ್ಧಪಡಿಸಿಕೊಟ್ಟರು. ಎಸ್.ಆರ್. ಕಂಠಿ ಅವರು ಶಿಕ್ಷಣ ಸಚಿವರಾಗಿದ್ದ ಅವಧಿಯಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965 ಅಂಗೀಕಾರವಾಗಿ, 1966ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅಧಿನಿಯಮದ ಹೆಸರು ಮುಂದೆ ಕರ್ನಾಟಕ ಎಂದು ಬದಲಾಯಿತು.

ಈ ಅಧಿನಿಯಮದ ಎರಡು ಅಂಶಗಳು ಗ್ರಂಥಾಲಯ ನೌಕರರಿಗೆ ನೇರವಾಗಿ ಸಂಬಂಧಿಸಿದವು. ಮೊದಲನೆಯದು ಗ್ರಂಥಾಲಯ ಕರ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಅಧಿಭಾರವಾಗಿ ಇದನ್ನು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಪಾವತಿಸಬೇಕು. ವಸೂಲಾದ ಕರವು ಸಕಾಲದಲ್ಲಿ ಪ್ರಾಧಿಕಾರದ ಖಾತೆಗೆ ಜಮೆಯಾಗದೆ ಬಾಕಿ ಉಳಿಯುವ ಸಮಸ್ಯೆಯು ಹಲವು ಕಡೆ ಕಂಡುಬಂದಿದೆ. ಹಾಗೆ ಉಳಿದ ಪ್ರತಿಯೊಂದು ರೂಪಾಯಿಯೂ ಒಂದು ಪುಸ್ತಕದ ಖರೀದಿಯನ್ನು ಮುಂದೂಡುತ್ತದೆ. ಎರಡನೆಯದು ರಾಜ್ಯ ಗ್ರಂಥಾಲಯ ಸೇವೆ. ಸಾರ್ವಜನಿಕ ಗ್ರಂಥಾಲಯಕ್ಕೆ ಪ್ರತ್ಯೇಕ ಇಲಾಖೆಯನ್ನೂ, ಅದರ ವೃತ್ತಿಪರ ಸಿಬ್ಬಂದಿಗೆ ಸರ್ಕಾರಿ ನೌಕರರ ಸ್ಥಾನಮಾನವನ್ನೂ ಶಾಸನವೇ ಒದಗಿಸಿತು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿನ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯೂ ಇದೇ ಅಧಿನಿಯಮದ ಅಡಿಯಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯದ ಮುಖಾಂತರ ಬೆಳೆಯಿತು. ಲಿಂಗನಮಕ್ಕಿ ಜಲಾಶಯದಿಂದ ಶರಾವತಿ ಕಣಿವೆಯ ಊರುಗಳು ಮುಳುಗಿ ಕುಟುಂಬಗಳು ಚದುರಿಹೋದ ಕಾಲವೂ ಅದೇ ಆಗಿದ್ದುದರಿಂದ, ಊರೇ ಇಲ್ಲದ ಓದುಗರನ್ನು ತಲುಪುವ ಕೆಲಸವು ಇಲ್ಲಿ ಇತರೆಡೆಗಿಂತ ಕಷ್ಟಕರವಾಗಿದ್ದಿತು.

ಅಂತಿಮ ವರ್ಷಗಳು

ಡೆಲ್ಲಿ ಹಾಗೂ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿದವು. 1970ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಮಾರ್ಗರೆಟ್ ಮನ್ ಪ್ರಶಸ್ತಿಯು ಲಭಿಸಿತು. ಇಷ್ಟಾಗಿಯೂ ಅವರ ಜೀವನ ಕ್ರಮವು ಅತ್ಯಂತ ಸರಳವಾಗಿದ್ದಿತು. ಬೆಂಗಳೂರಿನಲ್ಲಿ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿ, ಗ್ರಂಥಾಲಯ ವಿಜ್ಞಾನದ ಉಪನ್ಯಾಸ ಹಾಗೂ ಪ್ರಕಟಣೆಗಳಿಗೆ ಮೀಸಲಿಟ್ಟರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತಮ್ಮ 80ನೇ ವಯಸ್ಸಿನಲ್ಲಿ ನಿಧನರಾದರು.

ಅಭ್ಯರ್ಥಿಗಳ ಗಮನಕ್ಕೆ

ರಂಗನಾಥನ್ ಅವರ ಕಾಲದಲ್ಲಿ ತರಬೇತಿಗಾಗಿ ಲಂಡನ್ನಿಗೆ ಹೋಗಬೇಕಾಗಿದ್ದಿತು. ಇಂದು ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯದಲ್ಲಿಯೇ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ. ಮೈಸೂರು, ಧಾರವಾಡ, ಬೆಂಗಳೂರು ಮುಂತಾದ ಕಡೆಗಳಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿಯೂ ಈ ಶಿಕ್ಷಣ ಲಭ್ಯವಿದೆ. ರಂಗನಾಥನ್ ಅವರು ಕಟ್ಟಿದ ತರಬೇತಿ ಕೇಂದ್ರವು ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ ನಡೆಯುತ್ತಿದೆ. ತಾಡೋಲೆ ಹಾಗೂ ಹಸ್ತಪ್ರತಿಗಳ ಸೂಚೀಕರಣದಲ್ಲಿ ಆಸಕ್ತಿಯುಳ್ಳವರು ಸಾಗರ ತಾಲ್ಲೂಕಿನ ಕೆಳದಿ ವಸ್ತು ಸಂಗ್ರಹಾಲಯದ ಸಂಗ್ರಹವನ್ನು ನೋಡುವುದು ಉಪಯುಕ್ತ.

ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳನ್ನು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಗಿದೆ. ಬಹುಕಾಲ ಗೌರವ ಸಂಭಾವನೆಯ ಮೇಲೆಯೇ ದುಡಿದ ಈ ಗ್ರಂಥಾಲಯಗಳ ಮೇಲ್ವಿಚಾರಕರ ಸೇವಾ ವಿಷಯಗಳೂ ಇದರೊಂದಿಗೆ ಆ ಇಲಾಖೆಗೆ ಸೇರಿವೆ. ಆದ್ದರಿಂದ ಹಳ್ಳಿಯ ಗ್ರಂಥಾಲಯದ ಮೇಲ್ವಿಚಾರಕರ ಹುದ್ದೆಯ ಕುರಿತು ಸಂಬಂಧಪಟ್ಟ ಗ್ರಾಮ ಪಂಚಾಯಿತಿಯಲ್ಲಿಯೂ, ತಾಲ್ಲೂಕು ಹಾಗೂ ನಗರ ಮಟ್ಟದ ಶಾಖಾ ಗ್ರಂಥಾಲಯಗಳ ಕುರಿತು ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿಯೂ ವಿಚಾರಿಸತಕ್ಕದ್ದು. ಅರ್ಹತೆ, ವಯೋಮಿತಿ ಹಾಗೂ ಮೀಸಲಾತಿಯ ವಿವರಗಳಿಗೆ ಆಯಾ ಅಧಿಸೂಚನೆಯನ್ನೇ ಆಧಾರವಾಗಿಟ್ಟುಕೊಂಡು, ಅರ್ಜಿಯೊಂದಿಗೆ ತರಬೇತಿ ಪ್ರಮಾಣಪತ್ರದ ದೃಢೀಕೃತ ಪ್ರತಿ ಕೇಳಿದ್ದಲ್ಲಿ ಅದನ್ನು ತಪ್ಪದೆ ಲಗತ್ತಿಸುವುದು.